ಯಶೋದಮ್ಮ ಗುಂಡ್ಲುಪೇಟೆಗೆ ಹೋದದ್ದು

ಈರುಳ್ಳಿ ಸಿಪ್ಪೆ, ತೆಳ್ಳಗೆ, ಕೆಂಪಗೆ, ಮುಂದೆ ಹೋಗುತ್ತಿರುವ ಲಾರಿಯ ಟಾರ್ಪಾಲಿನ ಸಂದಿಯಿಂದ ಹಾರಿ ಬಂದು ಮಡಿಲಲ್ಲಿ ಕೂತಿತು, ಚಿಕ್ಕಮಲ್ಲಪ್ಪನ ಮಡಿಲಲ್ಲಲ್ಲ, ಪಕ್ಕದಲ್ಲಿ ಕೂತವಳ ಮಡಿಲಲ್ಲಿ, ಹಸಿರು ರೇಷ್ಮೆ ಸೀರೆಯ ಮೇಲೆ, ಇನ್ನೇನು ಕೊಡವಿಕೊಳ್ಳುತ್ತಾಳೆ ಅಂತ ಅವನು ನೋಡುತ್ತಲೇ ಇದ್ದ, ಕೊಡವಿಕೊಳ್ಳಲಿಲ್ಲ, ಯಾಕೆ ಅಂತ ಗೊತ್ತಿದ್ದೂ ಎದೆ ಧಸಕ್ಕೆಂದಿತು, ಬೆಳಿಗ್ಗೆಯಿಂದ ಇದು ಎಷ್ಟನೇ ಸಲವೋ, ಗೊತ್ತಿರುವುದೇ ಮತ್ತೆ ಮತ್ತೆ ಹೊಸದಾಗಿ ಗೊತ್ತಾಗುತ್ತಿದೆ. ಹೆಂಡತಿ ಯಶೋದಮ್ಮ ಸತ್ತಿದ್ದಾಳೆ. ಸತ್ತವಳನ್ನು ಕುರ್ಚಿಯಲ್ಲಿ ಕೂರಿಸಿದ್ದಾರೆ, ಅವರ ಕಡೆ ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುವುದು, ಕೂರಿಸಿಯೇ ಮಣ್ಣು ಮಾಡುವುದು, ಬೆನ್ನಿಗೆ ಹಲಗೆ ಕೊಟ್ಟು ಎದೆಗೆ ಬಿಳಿ ಪಂಚೆ ಸುತ್ತಿ ಬಿಗಿದು, ಹಣೆಗೆ ಕಾಸಗಲದ ಕುಂಕುಮ, ಕೆನ್ನೆಗೆ ಗಲ್ಲಕ್ಕೆ ಅರಿಶಿನ, ತಲೆತುಂಬ ಮಲ್ಲಿಗೆ, ಪುಣ್ಯವಂತೆ ಮುತ್ತೈದೆಯಾಗಿ ಹೋದ್ಲು ಕಣ್ರವ್ವ ಅಂತ ಬಂದ ಹೆಂಗಸರೆಲ್ಲ ಅಂದರು. ಆಮೇಲೆ ಕುರ್ಚಿಯನ್ನು ಗೂಡ್ಸ್ ಟೆಂಪೋಗೆ ಹತ್ತಿಸಿದರು, ನಾಕು ಮೂಲೆಗೂ ಬಾಳೆಕಂದು ಕಟ್ಟಿದರು, ಆ ಕಡೆ ಅವಳ ತಂಗಿ ಬಸವಮ್ಮ, ಈ ಕಡೆ ಇವನು, ಟೆಂಪೋ ಓಡಿಸುತ್ತಿರುವವನು ಇಷ್ಟು ವರ್ಷ ಇವನ ಕಾರು ಓಡಿಸಿದ ಶಿವಮಲ್ಲು, ಎಲ್ಲ ಸರಿಯಾಗಿಯೇ ಇದೆ, ದಾರಿ ಒಂದು ಬಿಟ್ಟು. ಗುಣಿ ತೋಡಿರುವುದು ಹಿಂದೆ, ಚಾಮರಾಜನಗರದಾಚೆ, ಸತ್ಯಮಂಗಲದ ರಸ್ತೆಯಲ್ಲಿ, ಸ್ವಂತ ಊರಿನ ಅರಿಶಿನದ ಹೊಲದ ಬದಿಯಲ್ಲಿ, ಹೊಂಗೆಮರದ ಬುಡಕ್ಕೆ. ಟೆಂಪೋ ಹೋಗುತ್ತಿರುವುದು ಮುಂದೆ, ಗುಂಡ್ಲುಪೇಟೆಗೆ. ಬಸವಮ್ಮ ಸಿಪ್ಪೆಯನ್ನು ಎತ್ತಿ ಹೊರಗೆ ಬಿಟ್ಟಳು, ಇವನ ಕಡೆ ನೋಡಲಿಲ್ಲ.

ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಿದ್ದಳಲ್ಲ, ಪಡಸಾಲೆಯಲ್ಲಿ ಕಾಲು ಚಾಚಿ, ಮೊರದ ತುಂಬ ಕಾಯಿ, ಇವನು ಹೆಗಲಿಗೆ ಶಲ್ಯ ಹಾಕಿಕೊಂಡು ಹೊರಟಿದ್ದ, ಹರವೆ ಕಡೆಯ ಒಂದು ಹಳ್ಳಿಯಲ್ಲಿ ಹಳೇ ಯಜಮಾನ ತೀರಿಹೋಗಿದ್ದ, ಬಿಸಿಲೇರುವ ಮುಂಚೆ ಹಾರ ಹಾಕಿ ಬರಬೇಕು, ಅದು ಅವನ ನೇಮ, ಮದುವೆಗೆ ತಪ್ಪಿಸಿದರೂ ಸಾವಿಗೆ ತಪ್ಪಿಸಬಾರದು, ಮದುವೆ ಮನೆಯವರು ಯಾರು ಬಂದರು ಅಂತ ಮರೆತಾರು, ಸಾವಿನ ಮನೆಯವರು ಯಾರು ಬರಲಿಲ್ಲ ಅನ್ನುವುದನ್ನು ಮರೆಯುವುದಿಲ್ಲ, ತಾಲ್ಲೂಕು ಬೋರ್ಡಿನ ಮೆಂಬರಾಗಿ ಸೈಕಲ್ ತುಳಿಯುತ್ತಿದ್ದ ಕಾಲಕ್ಕೇ ಇದನ್ನು ಕಲಿತ, ಇದರಿಂದಲೇ ಆರು ಸಲ ಗೆದ್ದ, ಇದರಿಂದಲೇ ಒಂದೂವರೆ ವರ್ಷ ರೇಷ್ಮೆ ಮಂತ್ರಿಯಾದ, ಎದುರು ಪಾರ್ಟಿಯವರು ಹದ್ದು ಬಂತು ಹದ್ದು ಅಂತ ಆಡಿಕೊಂಡರೆ ಆಡಿಕೊಳ್ಳಲಿ, ಹದ್ದಿಗೆ ಓಟು ಬಿದ್ದವಲ್ಲ. ಎದೆ ಯಾಕೋ ಇಡ್ಕಂಡಂಗೈತೆ ಕಣಿ, ಅಂದಳು ಅವಳು, ಕಾಯಿಯ ಮೇಲಿಂದ ಕಣ್ಣೆತ್ತದೆ. ಆಗ್ಲಿ, ಬಂದ್ಮೇಲೆ ನೋಡನ, ಅಂದ ಇವನು, ಚಪ್ಪಲಿ ಮೆಟ್ಟುತ್ತಾ. ಆಗ್ಲಿ ನೋಡನ—ಬೋರ್‌ವೆಲ್ ಕೇಳಿಕೊಂಡು ಬಂದವನಿಗೆ, ಮಗನಿಗೆ ಅಟೆಂಡರ್ ಕೆಲಸ ಕೇಳಿದವಳಿಗೆ, ಆನೆ ಬಾಳೆತೋಟ ತುಳಿಯಿತು ಅಂತ ಅತ್ತವನಿಗೆ, ಐವತ್ತು ವರ್ಷ ಎಲ್ಲರಿಗೂ ಅಂದದ್ದನ್ನೇ ಅವಳಿಗೂ ಅಂದ, ಬೇಕಂತ ಅಂದದ್ದಲ್ಲ, ನಾಲಗೆಯೇ ಅಂದುಬಿಟ್ಟಿತು. ಸಾವಿನ ಮನೆಯಲ್ಲಿ ಫೋನು ಬಡಕೊಳ್ಳಬಾರದು, ಅದೂ ನೇಮ, ಫೋನು ಆಫ್ ಆಗಿ ಶಿವಮಲ್ಲು ಜೇಬಿನಲ್ಲಿತ್ತು, ಇವನು ಯಾರೋ ಮುದುಕನ ಕಾಲ ಬಳಿ ಚಾಪೆಯ ಮೇಲೆ ಕೂತು ಅವನ ಹೆಂಡತಿಯ ಕೈ ಹಿಡಿದು ಧೈರ್ಯ ತಂದ್ಕಳವ್ವ, ನಾನಿದ್ದೀನಿ ಅನ್ನುತ್ತಿದ್ದ ಹೊತ್ತಿಗೆ ಇಲ್ಲಿ ಮೊರ ಮಗುಚಿ ಬಿದ್ದಿತ್ತು. ಮನೆ ತಿರುವಿನಲ್ಲಿ ಜನ ಕಂಡಾಗ ಯಾವುದೋ ಅರ್ಜಿ ಹಿಡಿದು ಬಂದವರು ಅಂತಲೇ ತಿಳಿದಿದ್ದ, ಕೈ ಮುಗಿಯುತ್ತಾ ನಗುತ್ತಾ ಇಳಿದಿದ್ದ. ಆ ನಗು ಮುಖದ ಮೇಲೆ ಎಷ್ಟು ಹೊತ್ತು ಉಳಿದಿತ್ತೋ ಏನೋ, ಒಳಗೆ ಹೋಗುವವರೆಗೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅವಳು ಬದುಕಿನಲ್ಲಿ ಇವನನ್ನು ಏನು ಕೇಳಿದ್ದಳು, ಏನೂ ಇಲ್ಲ, ಬೆಂಗಳೂರಿನ ಬಂಗಲೆಗೆ ಬಾ ಅಂದರೆ ಬರಲಿಲ್ಲ, ಎಮ್ಮೆ ಯಾರು ನೋಡ್ಕಂಡಾರು ಅಂದಳು, ವೇದಿಕೆ ಹತ್ತು ಅಂದರೆ ಹತ್ತಲಿಲ್ಲ. ಒಂದನ್ನು ಕೇಳಿದ್ದಳು. ಅವರವ್ವನ ಹೆಣವನ್ನು ಯಾರೋ ನೆಂಟರು ಬರಲಿ ಅಂತ ಕಾಯಿಸಿ ಕತ್ತಲಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದು ಹೂತಿದ್ದರಂತೆ, ಗುಣಿಯೊಳಗೆ ಅವ್ವನ ಮುಖ ಕಾಣಲೇ ಇಲ್ಲ ಅಂತ ಹೇಳಿ ಹೇಳಿ ಅಳುತ್ತಿದ್ದಳು, ನನ್ನ ಮಾತ್ರ ಹೊತ್ತಿದ್ದಂಗೇ ಮಣ್ ಮಾಡ್ಬುಡಿ ಕಣಿ, ಯಾರ್ಗೂ ಕಾಯ್ಬೇಡಿ, ಇದೊಂದ ನಡೆಸ್ಕೊಡಿ ಸಾಕು. ಅದಕ್ಕೇನಂತೆ, ನಡೆಸಿಕೊಡಬಹುದಿತ್ತು, ಮಧ್ಯಾಹ್ನ ಮೂರರೊಳಗೆ ಎಲ್ಲ ತಯಾರಾಗಿತ್ತು, ಊರವರು ಗುಣಿ ತೋಡಿ ಕಾಯುತ್ತಿದ್ದರು, ಆಗ ಮಗ ಶರತ್ ಫೋನು ಹಿಡಿದು ಬಂದ, ಅಪ್ಪಾಜಿ, ದಿಲೀಪ್, ಪಾರ್ಟಿ ಅಧ್ಯಕ್ಷರ ಪಿ.ಎ. ದಿಲೀಪನ ದನಿ ಬಲು ಮೆತ್ತಗೆ, ಸಾರ್, ಅಧ್ಯಕ್ಷರಿಗೆ ತುಂಬಾ ನೋವಾಗಿದೆ, ಬರಲೇಬೇಕು ಅಂತಿದಾರೆ, ಇವತ್ತು ಗೋಪಾಲಸ್ವಾಮಿ ಬೆಟ್ಟದಲ್ಲಿ ಪೂಜೆ, ಗುಂಡ್ಲುಪೇಟೆವರೆಗೆ ಬಂದೇ ಬರ್ತಾರೆ, ಆದ್ರೆ ಸಾರ್, ನಗರ ದಾಟಿ ನಿಮ್ಮೂರಿಗೆ ಅಂದ್ರೆ, ನಿಮಗೆ ಗೊತ್ತಲ್ಲ ಸಾರ್, ಈಗಿನ ಟೈಮಲ್ಲಿ. ಗೊತ್ತಿಲ್ಲದೆ ಏನು. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ, ಮುಖ್ಯಮಂತ್ರಿಯಾದವರು ಬರಬಾರದು, ಆಗಬೇಕೆಂದು ಕಾದಿರುವ ಅಧ್ಯಕ್ಷರಂಥವರಂತೂ ಈ ದಿಕ್ಕಿಗೆ ತಲೆ ಹಾಕಿ ಮಲಗಬಾರದು, ಬಂದುಹೋಗಿ ಗಟ್ಟಿಯಾಗಿ ಕೂತವರೂ ಉಂಟು ಅಂದರೆ ಯಾರು ಕೇಳುತ್ತಾರೆ. ಇವನೇ ಶಾಸಕರ ಭವನದ ಕ್ಯಾಂಟೀನಿನಲ್ಲಿ ಕೂತು ಆ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿ ನಗಿಸುತ್ತಿದ್ದ, ದೊಡ್ಡವರು ಬಾರದ ಊರಲ್ಲಿ ತಾನೇ ದೊಡ್ಡವನು, ಹಾಳೂರಿಗೆ ಉಳಿದವನೇ ಗೌಡ ಅಂತ ಯಾರಾದರೂ ಚುಚ್ಚಿದರೂ ನಗುತ್ತಿದ್ದ, ನಗುವುದಕ್ಕೇನು. ಅದಕ್ಕೇ ಸಾರ್, ಅಮ್ಮನವರನ್ನ ಸ್ವಲ್ಪ ಗುಂಡ್ಲುಪೇಟೆ ಕಡೆ ಕರ್ಕೊಂಡು ಬಂದ್ರೆ, ಅಧ್ಯಕ್ಷರು ಅಲ್ಲೇ ಅಂತಿಮ ದರ್ಶನ ಮಾಡ್ತಾರೆ, ಶರತ್ ಅವ್ರ ಟಿಕೆಟ್ ವಿಷ್ಯಾನೂ ಮನಸ್ಸಲ್ಲಿ ಕೂರುತ್ತೆ. ಕರ್ಕೊಂಡು ಬಂದ್ರೆ ಅಂದ, ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅನ್ನುವ ಹಾಗೆ. ಇವನು ಫೋನು ಕಿವಿಗೆ ಹಿಡಿದೇ ಅಂಗಳದ ಕಡೆ ನೋಡಿದ, ಅವಳು ಕುರ್ಚಿಯಲ್ಲಿ ಕೂತು ಎಲ್ಲರನ್ನೂ ಕಾಯುತ್ತಿದ್ದಂತಿತ್ತು, ಆಗ್ಲಿ, ಅಂದ. ಅಂದೇಬಿಟ್ಟ. ಅಂದವನು ತಾನೇ ಅಂತ ತಿಳಿಯುವುದಕ್ಕೆ ಟೆಂಪೋ ಊರು ಬಿಡಬೇಕಾಯಿತು.

ತೆರಕಣಾಂಬಿ ಬಂತು. ಬಸ್‌ಸ್ಟಾಂಡಿನ ಮುಂದೆ ಜನ ಎದ್ದು ನಿಂತರು, ಸಾಹೇಬ್ರ ಮನೆಯವ್ರಂತೆ ಕನ, ಬೆಳಿಗ್ಗೆ ಓಗ್ಬುಟ್ರಂತೆ, ಮತ್ಯಾಕ ಈ ಕಡೆ ತಂದವ್ರೆ, ಒಬ್ಬ ಮುದುಕ ತಲೆಯ ವಸ್ತ್ರ ತೆಗೆದು ಕೈ ಮುಗಿದ, ಅವಳಿಗೆ ಮುಗಿದದ್ದು, ಇವನ ಕೈಗಳು ತಾವಾಗಿ ಮೇಲೆದ್ದು ಜೋಡಿಸಿಕೊಂಡವು, ಮುಖ ಸ್ವಲ್ಪ ಓರೆಯಾಯಿತು, ತುಟಿ ಬಿಡಿಸಿಕೊಂಡಿತು, ಇದೇ ರಸ್ತೆ, ಇದೇ ತಿರುವು, ಎಷ್ಟು ಚುನಾವಣೆಯಲ್ಲಿ ತೆರೆದ ಜೀಪಿನಲ್ಲಿ ನಿಂತು ಎಡಕ್ಕೊಂದು ಬಲಕ್ಕೊಂದು ನಮಸ್ಕಾರ ಹಂಚಿಕೊಂಡು ಹೋಗಿಲ್ಲ, ಬಾವ, ಅಂದಳು ಬಸವಮ್ಮ, ನಗ್ತಿದ್ದೀರಿ. ಕೈ ಕೆಳಗಿಳಿಸಿದ. ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಬಸವಮ್ಮ ಇಷ್ಟೇ ಅಂದು ಬಿಡುವವಳಲ್ಲ, ಆದರೂ ಬಿಟ್ಟಳು, ಹೊರಡುವಾಗಲೇ ಅಂಗಳದಲ್ಲಿ ನಿಂತು ಅನ್ನುವುದನ್ನೆಲ್ಲ ಅಂದಿದ್ದಳು, ಬಾವ, ಅಕ್ಕ ಏಳಿರದ ನೀವೂ ಕೇಳಿದ್ದೀರಿ ನಾನೂ ಕೇಳಿದ್ದೀನಿ, ಹೊತ್ತಿದ್ದಂಗೇ ಅಂದವ್ಳೆ, ಹೆಣ ತಕ್ಕೊಂಡು ಅಧ್ಯಕ್ಷರ ಮೆಚ್ಚಿಸಕ್ ಓದವ್ರ ನಾನೆಲ್ಲೂ ಕಾಣೆ. ಶರತ್ ಮಧ್ಯ ಬಂದು, ಚಿಕ್ಕವ್ವ, ಒಂದ್ ಗಂಟೆ ಅಷ್ಟೆ, ಬೆಳಕಿದ್ದಂಗೇ ವಾಪಸ್ ಬಂದ್ಬುಡನ, ಅವ್ವುಂಗೂ ಗೌರವ ಅಲ್ವಾ. ಗೌರವ. ಆಗ ಆ ಮಾತು ಸರಿಯಾಗಿಯೇ ಕೇಳಿಸಿತ್ತು, ಎಂಥೆಂಥವರ ಹೆಣಕ್ಕೋ ಹಾರ ಹಾಕುವವರು ಅಧ್ಯಕ್ಷರು, ಇವಳಿಗೂ ಹಾಕಿದರೆ ಜಿಲ್ಲೆಯೇ ನೋಡುತ್ತದೆ, ಈ ಸಲ ಪಾರ್ಟಿಯಲ್ಲಿ ಚಿಕ್ಕಮಲ್ಲಪ್ಪನಿಗೆ ವಯಸ್ಸಾಯಿತು, ಮಗನಿಗೆ ಜನ ಇಲ್ಲ ಅನ್ನುವ ಮಾತು ಎದ್ದಿದೆ, ಅದು ಕೂತುಹೋಗುತ್ತದೆ, ಛೆ, ಏನು ಲೆಕ್ಕ ಇದು, ಪಕ್ಕದಲ್ಲಿ ಅವಳು, ಹಂಪ್ ಬಂದಾಗಲೆಲ್ಲ ಅವಳ ತಲೆ ಹೂಂ ಹೂಂ ಅನ್ನುವ ಹಾಗೆ ಅಲ್ಲಾಡುತ್ತಿದೆ, ಬದುಕಿದ್ದಾಗ ಹೂಂ ಅನ್ನುತ್ತಿದ್ದಂತೆಯೇ. ಸೂರ್ಯ ಮುಂದೆಯೇ ಇದ್ದ, ನೇರ ಕಣ್ಣಿಗೆ, ಇನ್ನೂ ಮೇಲೆಯೇ ಇದ್ದಾನೆ ಅಂದುಕೊಂಡ.

ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದಲ್ಲಿ, ಕಲ್ಯಾಣಮಂಟಪದ ಮುಂದಿನ ಬಯಲಿನಲ್ಲಿ, ಶಾಮಿಯಾನ ಹಾಕಿಸಿದ್ದರು, ಯಾರು ಹಾಕಿಸಿದರೋ, ಅಷ್ಟು ಬೇಗ, ಫ್ಲೆಕ್ಸ್ ಬೇರೆ ಬಂದಿತ್ತು, ಅಧ್ಯಕ್ಷರ ಮುಖ ದೊಡ್ಡದು, ಇವನದು ಅದಕ್ಕಿಂತ ಚಿಕ್ಕದು, ಶರತ್‌ನದೂ ಅಷ್ಟೇ, ಮೂಲೆಯಲ್ಲಿ ಅಂಚೆಚೀಟಿಯಷ್ಟು ಯಶೋದಮ್ಮ, ಯಾವುದೋ ಮದುವೆಯ ಗುಂಪಿನ ಫೋಟೋದಿಂದ ಕತ್ತರಿಸಿದ್ದು, ಪಕ್ಕದವಳ ಬಳೆಯ ತುದಿ ಇನ್ನೂ ಹೆಗಲ ಮೇಲೆ ಉಳಿದಿದೆ. ಬೆಟ್ಟದಿಂದ ಇಳೀತಿದಾರೆ ಸಾರ್, ಅಂದ ದಿಲೀಪ್. ಕಾದರು. ಕೇರಳದ ಕಡೆ ತರಕಾರಿ ಲಾರಿಗಳು ಒಂದರ ಹಿಂದೊಂದು ಹೋದವು, ಪ್ರವಾಸಕ್ಕೆ ಬಂದ ಬಸ್ಸಿನ ಮಕ್ಕಳು ಕಿಟಕಿಯಿಂದ ಬಗ್ಗಿ ನೋಡಿದರು, ಇಳೀತಿದಾರೆ ಸಾರ್, ಮತ್ತೆ ಅಂದ. ಬಾಳೆಕಂದಿನ ನೆರಳು ಉದ್ದವಾಗಿ ಟೆಂಪೋ ದಾಟಿ ರಸ್ತೆಗೆ ಬಿತ್ತು. ಬಸವಮ್ಮ ಸೂರ್ಯನನ್ನು ನೋಡುತ್ತಾಳೆ, ಇವನನ್ನು ನೋಡುತ್ತಾಳೆ, ಸೂರ್ಯನನ್ನು ನೋಡುತ್ತಾಳೆ. ವಾಪಸ್ ಹೋಗನ ನಡಿ ಶಿವಮಲ್ಲು ಅನ್ನಬಹುದಿತ್ತು, ಆ ನಾಲ್ಕು ಮಾತು ಬಾಯಿಯ ತನಕ ಬಂತು, ಸೈರನ್ ಕೇಳಿಸಿತು, ಜೈಕಾರ, ಬಾಗಿಲು ತೆಗೆದು ಮುಚ್ಚಿದ ಸದ್ದು, ಅಧ್ಯಕ್ಷರು ಬಂದೇಬಿಟ್ಟರು, ಹಣೆಯಲ್ಲಿ ಬೆಟ್ಟದ ನಾಮ ಇನ್ನೂ ಹಸಿ, ಪೊಲೀಸಿನವನು ಬಸವಮ್ಮನಿಗೆ ವಸಿ ಕೆಳಕ್ಕಿಳೀರಮ್ಮ ಅಂದ, ಇಳಿಸಿಯೇಬಿಟ್ಟ. ಹಾರ ತಂದರು, ಇಬ್ಬರು ಎತ್ತುವಂಥ ಗುಲಾಬಿ ಹಾರ, ಪೂಜೆ ಮುಗಿಸಿ ಬಂದಿದಾರೆ, ಮುಟ್ಟೋ ಹಾಗಿಲ್ಲ, ಅಂತ ದಿಲೀಪ್ ಇವನ ಕಿವಿಯಲ್ಲಿ ಅಂದ, ಗನ್‌ಮ್ಯಾನ್ ಹಾಕಿದ, ಅಧ್ಯಕ್ಷರು ಹಾರದ ತುದಿಗೆ ಬೆರಳು ತಾಕಿಸಿ ನಿಂತರು. ಏನ್ ಮಲ್ಲಪ್ಪನವರೆ, ಹೀಗಾಗ್ಬಾರ್ದಿತ್ತು, ಧೈರ್ಯ ತಂದ್ಕೊಳ್ಳಿ, ನಾನಿದ್ದೀನಿ. ಇವನು ಬೆಚ್ಚಿದ. ತನ್ನ ಬಾಯಿಯ ಮಾತು ಇನ್ನೊಬ್ಬನ ಬಾಯಿಂದ ಬಂದಾಗ ಅದರೊಳಗೆ ಏನೂ ಇರಲಿಲ್ಲ, ಖಾಲಿ ಗಡಿಗೆ, ಬೆಳಿಗ್ಗೆ ಆ ಮುದುಕಿಯೂ ಇದನ್ನೇ ಕೇಳಿದ್ದಳಲ್ಲ, ಎಷ್ಟು ಮುದುಕಿಯರು ಕೇಳಿದ್ದಾರೆ. ಅಷ್ಟರಲ್ಲಿ ಫೋಟೋದವನು, ಸಾರ್, ಅಮ್ಮನವ್ರ ಮುಖ ಕಾಣ್ತಿಲ್ಲ. ಕಾಣುತ್ತಿರಲಿಲ್ಲ, ದಾರಿಯ ಕುಲುಕಿಗೆ ತಲೆ ಎದೆಗೆ ಬಾಗಿತ್ತು, ಹಾರ ಮೂಗಿನವರೆಗೆ ಬಂದಿತ್ತು. ಬೇಗ ಬೇಗ, ಅಂದ ದಿಲೀಪ್. ಒಂದು ಕೈ ಬಂತು. ಪಕ್ಕದಿಂದ ಚಾಚಿಕೊಂಡು ಬಂದು ಎರಡು ಬೆರಳನ್ನು ಅವಳ ಗಲ್ಲದ ಕೆಳಗೆ ಇಟ್ಟಿತು, ಮೇಲೆತ್ತಿತು. ಸ್ವಲ್ಪ ಈ ಕಡೆ ಸಾರ್, ಇನ್ನೂ ಸ್ವಲ್ಪ. ಬೆರಳು ಅವಳ ಮುಖವನ್ನು ಸ್ವಲ್ಪ ಈ ಕಡೆ ತಿರುಗಿಸಿತು, ಅಧ್ಯಕ್ಷರ ಕಡೆ, ಕ್ಯಾಮೆರಾದ ಕಡೆ, ಪಳಕ್ ಪಳಕ್ ಅಂತ ಬೆಳಕು, ಯಾರಪ್ಪ ಇವನು, ನಾಚಿಕೆಗೆಟ್ಟವನು, ಅಂತ ಚಿಕ್ಕಮಲ್ಲಪ್ಪ ಆ ಕೈಯ ಜಾಡು ಹಿಡಿದು ಮಣಿಕಟ್ಟಿಗೆ ಬಂದ, ವಾಚಿಗೆ ಬಂದ, ಬಿಳಿ ತೋಳಿಗೆ ಬಂದ. ಕೈ ತನ್ನದಾಗಿತ್ತು.

ಟೆಂಪೋ ತಿರುಗಿದೆ, ಈಗ ಸೂರ್ಯ ಬೆನ್ನಿಗೆ, ಶಿವಮಲ್ಲು ಆಕ್ಸಿಲರೇಟರ್ ತುಳಿದು ಓಡಿಸುತ್ತಿದ್ದಾನೆ, ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಬೇರೆ ಏನಾದರೂ ನೆನೆಯಬೇಕು, ಏನನ್ನಾದರೂ, ಮೊದಲ ಸಲ ಗೆದ್ದಾಗ ಇದೇ ರಸ್ತೆಯಲ್ಲಿ ಎತ್ತಿನಗಾಡಿಯ ಮೆರವಣಿಗೆ, ತಮಟೆ, ಹಾರದ ಭಾರಕ್ಕೆ ಕತ್ತು ನೋಯುತ್ತಿತ್ತು, ಮನೆಗೆ ಬಂದಾಗ ಅವಳು ಬಿಸಿನೀರು ಕಾಯಿಸಿ ಇಟ್ಟಿದ್ದಳು, ಗಲ್ಲ ತಣ್ಣಗಿತ್ತು, ಅರಿಶಿನ ಬೆರಳಿಗೆ ಅಂಟಿತ್ತು. ಬೇಡ. ಕುಡಿಯುವ ನೀರಿನ ಯೋಜನೆ, ಕೆರೆಗಳಿಗೆ ನೀರು ತಂದದ್ದು, ಅದನ್ನು ನೆನೆ, ನಲ್ಲಿಯಲ್ಲಿ ಮೊದಲು ನೀರು ಬಂದಾಗ ಒಬ್ಬ ಅಜ್ಜಿ ಬೊಗಸೆ ಹಿಡಿದಿದ್ದಳು, ಫೋಟೋದವನು ಮುಖ ಕಾಣ್ತಿಲ್ಲ ಅಂದ, ಇವನು ಇಲ್ನೋಡವ್ವ ಅಂತ ಅವಳ ಗಲ್ಲ ಎತ್ತಿದ, ಪಿಂಚಣಿ ಆದೇಶ ಕೊಟ್ಟಾಗಲೂ ಎತ್ತಿದ, ಕಾಲಿಲ್ಲದ ಹುಡುಗಿಗೆ ಗಾಡಿ ಕೊಟ್ಟಾಗಲೂ, ವಸಿ ನಗವ್ವ, ಪೇಪರಲ್ಲಿ ಬತ್ತೀಯ, ಎಷ್ಟು ಗಲ್ಲ, ಈ ಬೆರಳಿಗೆ ಅದು ಅಭ್ಯಾಸ, ಅದಕ್ಕೆ ಸತ್ತವರು ಬದುಕಿದವರು ಅಂತ ಭೇದ ಎಲ್ಲಿ ಗೊತ್ತು, ಬೆರಳಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತಲ್ಲ. ಬಸವಮ್ಮ ಅಕ್ಕನ ಮುಖದ ಮೇಲಿಂದ ಗುಲಾಬಿ ಎಸಳು ಒಂದೊಂದಾಗಿ ತೆಗೆಯುತ್ತಿದ್ದಳು, ತೆರಕಣಾಂಬಿ ದಾಟಿದ ಮೇಲೆ, ಕೋಪವಿಲ್ಲದೆ, ಸುಮ್ಮನೆ ಕಂಡದ್ದನ್ನು ಹೇಳುವ ಹಾಗೆ, ಬಾವ, ಅಂದಳು, ನಲ್ವತ್ತಾರು ವರ್ಸದಲ್ಲಿ ನೀವು ಅವ್ಳ ಮಕ ಮುಟ್ಟಿದ್ನ ನಾನು ಇವತ್ತೇ ಕಣಿ ನೋಡಿದ್ದು. ಇವನು ಹುಡುಕಿದ, ಇಲ್ಲ, ಸುಳ್ಳು, ಮುಟ್ಟಿದ್ದೇನೆ, ಯಾವಾಗ, ಜ್ವರ ಬಂದಾಗ ಹಣೆ ಮುಟ್ಟಿರಬೇಕು, ಶರತ್ ಹುಟ್ಟಿದಾಗ, ಆಗ ಸೆಷನ್ನಿನಲ್ಲಿದ್ದ, ಅವಳಪ್ಪ ಸತ್ತಾಗ, ಆಗ ಮುಟ್ಟಿದ್ದು ಅವಳಪ್ಪನ ಕಾಲು, ಹಾರ ಹಾಕಿ. ಮುಂದಿದ್ದ ಶರತ್‌ನ ಕಾರು ಚಾಮರಾಜನಗರದ ಹತ್ತಿರ ನಿಂತಿತು, ಅವನು ಇಳಿದು ಓಡಿಬಂದ, ಫೋನು ಚಾಚಿದ, ಅಪ್ಪಾಜಿ, ಚೆನ್ನಾಗ್ ಬಂದೈತೆ, ಎಲ್ಲಾ ಗ್ರೂಪಲ್ಲೂ ಓಡ್ತಾ ಇದೆ. ಚೆನ್ನಾಗಿಯೇ ಬಂದಿತ್ತು. ಅವಳು ಅಧ್ಯಕ್ಷರನ್ನು ನೋಡುತ್ತಿದ್ದಂತೆಯೇ ಇತ್ತು, ಇವನ ಮುಖ ಚೌಕಟ್ಟಿನ ಹೊರಗೆ ಉಳಿದಿತ್ತು, ಗಲ್ಲದ ಕೆಳಗಿನ ಎರಡು ಬೆರಳು ಮಾತ್ರ ಒಳಗೆ.

ಊರು ಮುಟ್ಟಿದಾಗ ಹೊಂಗೆಮರ ಕಪ್ಪಾಗಿತ್ತು. ಹೊತ್ತು ಮುಳುಗಿ ಹೋಯ್ತಲ್ಲ ಸಾಹೇಬ್ರೆ, ಅಂದರು ಯಾರೋ, ಇನ್ಯಾರೋ ಟ್ರ್ಯಾಕ್ಟರ್ ತಿರುಗಿಸಿ ಲೈಟು ಬಿಟ್ಟರು, ಲೈಟು ಅರಿಶಿನದ ಎಲೆಗಳಿಗೆ ಬಿತ್ತು, ಗುಣಿಯೊಳಗೆ ಬೀಳಲಿಲ್ಲ. ಅವಳನ್ನು ಇಳಿಸಿದರು, ನಾಲ್ಕು ಜನ, ಹುಷಾರು, ಹುಷಾರು, ಪಂಚೆ ಬಿಚ್ಚಿ, ಈ ಕಡೆ ಮುಖ ಮಾಡಿ, ಬಸವಮ್ಮ ಅಂಚಿನಲ್ಲಿ ಮಂಡಿಯೂರಿ ಬಗ್ಗಿ ಬಗ್ಗಿ ನೋಡುತ್ತಾಳೆ, ಕಾಣ್ತಿಲ್ವಲ್ಲ, ಅಕ್ಕುನ್ ಮಕ ಕಾಣ್ತಿಲ್ವಲ್ಲ ಕಣ್ರಪ್ಪ, ತನ್ನಷ್ಟಕ್ಕೆ ತಾನೇ ಅನ್ನುತ್ತಾಳೆ, ಆಗ ಅವಳು ಜೋರಾಗಿ ಅತ್ತಳು, ಬೆಳಿಗ್ಗೆಯಿಂದ ಅಳದವಳು. ಇವನಿಗೆ ಅಳು ಬರಲಿಲ್ಲ. ಮಣ್ ಬುಡಿ ಸಾಹೇಬ್ರೆ, ಮೊದ್ಲು ನೀವೇ ಬುಡ್ಬೇಕು, ಅಂದ ಹಿರಿಯನೊಬ್ಬ, ಇವನ ಬಲಗೈಗೆ ಹಿಡಿ ಮಣ್ಣು ಸುರಿದ, ಮಣ್ಣು ನಿಲ್ಲಲಿಲ್ಲ, ಸೋರಿ ಕಾಲ ಮೇಲೆ ಬಿತ್ತು, ಕೈ ನೆಟ್ಟಗೆ ಇಡಿ ಸಾಹೇಬ್ರೆ, ಇಡುತ್ತಿದ್ದೇನೆ, ಇಟ್ಟಿದ್ದೇನಲ್ಲ, ಇನ್ನೊಂದು ಹಿಡಿ ಸುರಿದರು, ಅದೂ ಸೋರಿತು, ಬೊಗಸೆಯಾಗಬೇಕಾದ ಕೈಯಲ್ಲಿ ಎರಡು ಬೆರಳು ಮೇಲಕ್ಕೆ ಕೊಕ್ಕೆಯಾಗಿ ಹಾಗೇ ನಿಂತಿವೆ, ಯಾವುದನ್ನೋ ಎತ್ತಿ ಹಿಡಿದ ಹಾಗೆ, ಬಿಡಿಸಲು ಹೋದರೆ ಬರುತ್ತಿಲ್ಲ, ಕೆಳಗೆ ಕತ್ತಲಲ್ಲಿ ಅವಳ ತಲೆ ಮತ್ತೆ ಬಾಗಿರಬೇಕು, ಬಾಗಿರಲಿ, ಯಾರೂ ಎತ್ತಬೇಡಿ, ಅಂತ ಅನ್ನಬೇಕು, ಸ್ವಲ್ಪ ಈ ಕಡೆ, ಇನ್ನೂ ಸ್ವಲ್ಪ, ಗಲ್ಲ, ತಣ್ಣಗೆ, ಎರಡು ಬೆರಳು, ಗಲ್ಲ, ಎರಡು ಬೆರಳು